ಆರ್ಥಿಕ ಹಿಂಜರಿತದಲ್ಲಿ ತಂತ್ರಾಂಶ ಜೋಡಣೆಯ ನವೋದ್ಯಮ ಕಟ್ಟುವ ಬಗೆ

ಹಿಂಜರಿತ ಬಂದೊಡನೆ ಕಂಪನಿಗಳು ಹೊಸ ತಂತ್ರಾಂಶದ ಖರೀದಿಯನ್ನು ಮುಂದೂಡುತ್ತವೆ. ಆದರೆ ಈಗಾಗಲೇ ಕೊಂಡವನ್ನು ಕೈಬಿಡಲಾರವು. ಲೆಕ್ಕಪತ್ರ ಟ್ಯಾಲಿಯಲ್ಲಿ, ದಾಸ್ತಾನು ಇನ್ನೊಂದರಲ್ಲಿ, ಆನ್‌ಲೈನ್ ಮಾರಾಟ ಮತ್ತೊಂದರಲ್ಲಿ ಇರುವಾಗ, ಇವುಗಳ ನಡುವೆ ಎಕ್ಸೆಲ್ ಹಾಳೆಯ ಮೂಲಕ ಮಾಹಿತಿ ಸಾಗಿಸುತ್ತಿದ್ದ ನೌಕರರನ್ನು ಕಡಿಮೆ ಮಾಡಿದರೂ ಅವರು ಮಾಡುತ್ತಿದ್ದ ಕೆಲಸ ಕಡಿಮೆಯಾಗುವುದಿಲ್ಲ. ಆ ಮಾಹಿತಿ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ತಾನಾಗಿಯೇ ಸಾಗುವಂತೆ ಮಾಡುವುದೇ ತಂತ್ರಾಂಶ ಜೋಡಣೆ, ಅದೇ ನಿಮ್ಮ ಮಾರುಕಟ್ಟೆ. ಡಾಟ್‌ಕಾಂ ಕುಸಿತದ 2000ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜೋಡಣೆ ಕಂಪನಿ ಬೂಮಿಯನ್ನು 2010ರಲ್ಲಿ ಡೆಲ್ ಕೊಂಡಿತು. 2006ರಲ್ಲಿ ಆರಂಭವಾಗಿ 2008ರ ಬಿಕ್ಕಟ್ಟನ್ನು ದಾಟಿ ಬಂದ, ಅದೇ ಕಸುಬಿನ ಮ್ಯೂಲ್‌ಸಾಫ್ಟನ್ನು 2018ರಲ್ಲಿ ಸೇಲ್ಸ್‌ಫೋರ್ಸ್ ಸುಮಾರು 650 ಕೋಟಿ ಡಾಲರ್‌ಗೆ ಖರೀದಿಸಿತು.

ಮೊದಲು ಯಾವ ಎರಡು ತಂತ್ರಾಂಶಗಳನ್ನು ಜೋಡಿಸಬೇಕೆಂಬುದನ್ನು ನಿರ್ಧರಿಸಿ. ಎಲ್ಲವನ್ನೂ ಎಲ್ಲದಕ್ಕೂ ಜೋಡಿಸುವ ವೇದಿಕೆ ಕಟ್ಟಲು ಬೇಕಾದ ಬಂಡವಾಳ ಇಂಥ ಕಾಲದಲ್ಲಿ ಸಿಗುವುದು ಕಷ್ಟ. ಕಾನೂನು ಕಡ್ಡಾಯಗೊಳಿಸಿದ ಕೆಲಸವನ್ನು ಆರಿಸಿಕೊಳ್ಳುವುದು ಅತ್ಯಂತ ಸುರಕ್ಷಿತವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ಖರ್ಚಿಗೆ ಮಾಲೀಕರು ಕತ್ತರಿ ಹಾಕಲಾರರು. ಕೋವಿಡ್‌ನಿಂದ ಆರ್ಥಿಕತೆ ಕುಗ್ಗಿದ್ದ 2020ರ ಅಕ್ಟೋಬರ್‌ನಲ್ಲೇ 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪನಿಗಳಿಗೆ ಜಿಎಸ್‌ಟಿ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವುದು, ಕಡ್ಡಾಯವಾಯಿತು. ಆ ಮಿತಿ ಹಂತಹಂತವಾಗಿ ಇಳಿದು 2023ರ ಆಗಸ್ಟ್‌ನಲ್ಲಿ 5 ಕೋಟಿಗೆ ಬಂದಿತು. ಪ್ರತಿ ಇಳಿಕೆಯೂ ತಮ್ಮ ಬಿಲ್ಲಿಂಗ್ ತಂತ್ರಾಂಶವನ್ನು ಸರ್ಕಾರಿ ಪೋರ್ಟಲ್‌ಗೆ ಜೋಡಿಸಲೇಬೇಕಾದ ಹೊಸ ಗಿರಾಕಿಗಳನ್ನು ತಂದಿತು.

ಕೋಡ್ ಬರೆಯುವ ಮುನ್ನ ಗಿರಾಕಿಯ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು, ಒಂದು ಬಿಲ್ ಆರಂಭದಿಂದ ಕೊನೆಯವರೆಗೆ ಸಾಗುವುದನ್ನು ನೋಡಿ. ಜೋಡಣೆಯ ನಿಜವಾದ ಕಸುಬು ಇರುವುದು ಕೆಲಸ ಕೆಟ್ಟಾಗ ಏನಾಗುತ್ತದೆ ಎಂಬುದರಲ್ಲಿ. ಪೋರ್ಟಲ್ ಬಿಲ್ಲಿಗೆ ಐಆರ್‌ಎನ್ ಎಂಬ ಗುರುತಿನ ಸಂಖ್ಯೆ ನೀಡಿದ ಮೇಲೆ, ಅದರ ಉತ್ತರ ತಲುಪುವ ಮುನ್ನ ಇಂಟರ್‌ನೆಟ್ ಕಡಿದುಹೋಯಿತು ಎನ್ನಿ. ಅದೇ ಬಿಲ್ಲನ್ನು ಮತ್ತೆ ಕಳುಹಿಸಿದರೆ ಪೋರ್ಟಲ್ ಅದನ್ನು ನಕಲೆಂದು ತಿರಸ್ಕರಿಸುತ್ತದೆ. ಆಗ ನಿಮ್ಮ ತಂತ್ರಾಂಶ ದೋಷ ತೋರಿಸಿ ನಿಲ್ಲದೆ, ಆಗಲೇ ದೊರೆತಿದ್ದ ಸಂಖ್ಯೆಯನ್ನು ತಂದು ಬಿಲ್ಲಿನ ಮೇಲೆ ಮೂಡಿಸಬೇಕು. ಪೋರ್ಟಲ್‌ನಲ್ಲಿ ಬಿಲ್ ರದ್ದುಪಡಿಸಲು 24 ಗಂಟೆ ಮಾತ್ರ ಅವಕಾಶವಿರುವುದರಿಂದ, ಅದು ಮೀರಿದಾಗ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತವನ್ನು ಕಳೆಯುವ ಪತ್ರ) ಮಾಡುವಂತೆ ಬಳಕೆದಾರರಿಗೆ ತಿಳಿಸುವ ವ್ಯವಸ್ಥೆಯೂ ಇರಬೇಕು. ಲಾರಿ ಗೇಟಿನಲ್ಲಿ ನಿಂತಿರುವಾಗ ಬಿಲ್ ಹೊರಬರದಿದ್ದರೆ, ಆ ಗಿರಾಕಿ ನಿಮ್ಮನ್ನು ಮತ್ತೆ ನಂಬುವುದು ಕಷ್ಟ.

ದರ ಹೇಳುವಾಗ ತಂತ್ರಜ್ಞಾನದ ವಿವರಣೆ ಬೇಡ. ತಿಂಗಳಿಗೆ ಎಷ್ಟು ಗಂಟೆಯ ಕೆಲಸ ಉಳಿಯುತ್ತದೆ, ಹಾಕಿದ ಹಣ ಎಷ್ಟು ತಿಂಗಳಲ್ಲಿ ವಾಪಸಾಗುತ್ತದೆ ಎಂಬ ಲೆಕ್ಕವನ್ನು ಮಾಲೀಕರ ಮುಂದಿಡಿ. ಒಂದೇ ಶಾಖೆಯಲ್ಲಿ ಪ್ರಯೋಗ ಆರಂಭಿಸಿ, ಆದರೆ ಅದಕ್ಕೂ ಹಣ ಪಡೆಯಿರಿ.

ವಸೂಲಿಯ ವಿಷಯದಲ್ಲಿ ಸಂಕೋಚ ಸಲ್ಲದು. ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅನ್ವಯಿಸುತ್ತದೆ. ಆದರೂ ಗಿರಾಕಿಯ ವಿರುದ್ಧ ದೂರು ಕೊಟ್ಟ ಮೇಲೆ ಸಂಬಂಧ ಉಳಿಯುವುದು ವಿರಳವಾದ್ದರಿಂದ, ಮುಂಗಡವನ್ನು ಒಪ್ಪಂದದಲ್ಲೇ ಬರೆಸುವುದು ಮೇಲು. ಇ-ಇನ್‌ವಾಯ್ಸ್ ಪೋರ್ಟಲ್‌ನ ನಿಯಮಗಳು ಬದಲಾದಾಗಲೆಲ್ಲ ಜೋಡಣೆಯನ್ನೂ ತಿದ್ದಬೇಕಾಗುತ್ತದೆ. ಆದ್ದರಿಂದ ವಾರ್ಷಿಕ ನಿರ್ವಹಣೆಯ ಶುಲ್ಕವನ್ನು ಮೊದಲ ಬಿಲ್ಲಿನೊಳಗೆ ಸೇರಿಸದೆ ಪ್ರತ್ಯೇಕವಾಗಿ ನಮೂದಿಸಿ.