ಡಿಸೆಬಿಲಿಟಿ ಫೈಲು ಈಗಲೇ ಸರಿ ಮಾಡಿಸಿ, ಹೆಂಡತಿಯ ಹೆಸರೂ ನೋಡಿಕೊಳ್ಳಿ

ಹಾಸನದಲ್ಲಿ ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುತ್ತಾ ಒಂದೇ ತಪ್ಪನ್ನು ಪದೇ ಪದೇ ನೋಡಿದ್ದೇನೆ. "ಬಿಡಿ ಸಾರ್, ಪೆನ್ಷನ್ ಬರ್ತಿದೆಯಲ್ಲ" ಅಂತ ಬಿಪಿ, ಮಂಡಿ ನೋವು, ಕಿವಿಯ ತೊಂದರೆ ಎಲ್ಲ ನುಂಗಿಕೊಂಡು, ಅದಕ್ಕೆ ಸಿಗಬಹುದಾದ ಡಿಸೆಬಿಲಿಟಿ ಪೆನ್ಷನ್ ಕೇಳದೆ ಕೂರುತ್ತಾರೆ. ಅವರು ಹೋದ ಮೇಲೆ ಮನೆಯವರು ಜವಳಿ ಅಂಗಡಿಯ ಕವರಿನಲ್ಲಿ ಕಾಗದ ತುಂಬಿಕೊಂಡು ಬರುತ್ತಾರೆ.

ಡಿಸೆಬಿಲಿಟಿ ಹಣ ಸೈನಿಕ ತೀರಿಕೊಂಡಾಗ ನಿಂತುಹೋಗುತ್ತದೆ. ಹೆಂಡತಿಗೆ ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ಸಂಬಳದ ಶೇ 30. ಮೊದಲ ಕೆಲವು ವರ್ಷ ಜಾಸ್ತಿ ಸಿಗಬಹುದು, ಆಮೇಲೆ ಇಷ್ಟೇ. ಸೇವೆಯಿಂದ ಬಂದ ಕಾಯಿಲೆಯೇ ಸಾವಿಗೆ ಕಾರಣ ಅಂತ ಒಪ್ಪಿದರೆ ವಿಶೇಷ ಕುಟುಂಬ ಪಿಂಚಣಿಗೆ ದಾರಿ ಇದೆ, ಅದು ಶೇ 60. ಆ ಕಾಯಿಲೆ ಸೇವೆಯದ್ದೇ ಅಂತ ನೀವು ಬದುಕಿರುವಾಗಲೇ ಒಪ್ಪಿಸಿಡಿ.

1. ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಮಂಜೂರು ಮಾಡಿದ ಆದೇಶ), ಆಸ್ಪತ್ರೆ ಚೀಟಿಗಳನ್ನು ಒಂದು ಕಡೆ ಇಡಿ. ಲ್ಯಾಮಿನೇಷನ್ ಮಾತ್ರ ಬೇಡ. ಪ್ಲಾಸ್ಟಿಕ್ ಮೇಲೆ ಯಾವ ಸೀಲೂ ನಿಲ್ಲುವುದಿಲ್ಲ.

2. ರಿಲೀಸ್ ಮೆಡಿಕಲ್ ಬೋರ್ಡಿನ, ಅಂದರೆ ನಿವೃತ್ತಿಯ ಹೊತ್ತಿನಲ್ಲಿ ಆದ ವೈದ್ಯಕೀಯ ತಪಾಸಣೆಯ, ಕಾಗದ ತರಿಸಿ. ಎಲ್ಲರೂ ಎಡವುವುದು ಇಲ್ಲೇ. ಫಾರಂ ಹೆಸರು ಎಎಫ್‌ಎಂಎಸ್‌ಎಫ್-16. ನಿಮ್ಮ ಹತ್ತಿರ ಇಲ್ಲದಿದ್ದರೆ ಸೇವಾ ದಾಖಲೆ ಇಟ್ಟಿರುವ ನಿಮ್ಮ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿ. ಆರ್ಟಿಲರಿಯವರಿಗೆ ನಾಸಿಕ್, ಸಿಗ್ನಲ್ಸ್‌ನವರಿಗೆ ಜಬಲ್ಪುರ, ಇಎಂಇಯವರಿಗೆ ಸಿಕಂದರಾಬಾದ್. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು.

ಬಂದ ಮೇಲೆ ನಿಧಾನವಾಗಿ ಓದಿ. ಊರಿಗೆ ಹೋಗುವ ಟಿಕೆಟ್ ಜೇಬಿನಲ್ಲಿದ್ದಾಗ ಸುಮ್ನೆ ಸಹಿ ಹಾಕಿರುತ್ತೀರಿ, ಅಲ್ವಾ? ಮೊದಲು ಪರ್ಸೆಂಟೇಜ್ ನೋಡಿ, 20 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಆಮೇಲೆ 'ಅಟ್ರಿಬ್ಯೂಟಬಲ್', 'ಅಗ್ರವೇಟೆಡ್' ಕಾಲಂ. ಸೇವೆಯಿಂದ ಬಂತು, ಸೇವೆಯಿಂದ ಹೆಚ್ಚಾಯಿತು ಅಂತ ಅರ್ಥ. ಎರಡಕ್ಕೂ 'ನೋ' ಇದ್ದರೆ ಜಗಳ ಅಲ್ಲೇ ಇದೆ. ಇನ್ನು ಪೋಸ್ಟಿಂಗ್ ಪಟ್ಟಿ. ಪ್ರತಿ ಜಾಗದ ಮುಂದೆ ಪೀಸ್ (ಶಾಂತ ಜಾಗ) ಅಥವಾ ಫೀಲ್ಡ್ (ಗಡಿಯಂಥ ಕಠಿಣ ಜಾಗ) ಅಂತ ಇರುತ್ತದೆ. ಬಿಪಿ ಮೊದಲು ಕಂಡದ್ದು ಪೀಸ್ ಸ್ಟೇಷನ್ನಿನಲ್ಲಿ ಅಂತ ಬರೆದು ತಿರಸ್ಕರಿಸಿರುತ್ತಾರೆ. ಅದಕ್ಕೆ ಹಿಂದಿನ ಪೋಸ್ಟಿಂಗ್ ಸಿಯಾಚಿನ್ ಆಗಿತ್ತು ಅನ್ನುವುದು ಅದೇ ಹಾಳೆಯಲ್ಲಿ ಇದ್ದರೂ ಯಾರೂ ಎತ್ತಿ ತೋರಿಸಿರುವುದಿಲ್ಲ.

ಅಪೀಲಿನಲ್ಲಿ "ದೇಶಕ್ಕಾಗಿ ದುಡಿದೆ, ದಯವಿಟ್ಟು ಪರಿಗಣಿಸಿ" ಅಂತ ಒಂದು ಪುಟ ತುಂಬಿಸಬೇಡಿ. ಭರ್ತಿಯಾದ ದಿನ ಕಾಯಿಲೆ ಇರಲಿಲ್ಲ, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ಜಾಗ, ಅಲ್ಲಿ ಈ ಕೆಲಸ, ಮೊದಲ ಚಿಕಿತ್ಸೆ ಈ ಆಸ್ಪತ್ರೆಯಲ್ಲಿ. ಇಷ್ಟು ಬರೆಯಿರಿ. ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಸೇವೆಯಲ್ಲಿ ಬಂದದ್ದೇ ಅಂತ ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅದನ್ನು ಒಂದು ಸಾಲಿನಲ್ಲಿ ಸೇರಿಸಿ. 2023ರ ಸೆಪ್ಟೆಂಬರ್ 21ರಿಂದ ಈಚೆಗೆ ನಿವೃತ್ತರಾದವರಿಗೆ ಹೊಸ ನಿಯಮ, ಅವರು ಮೊದಲು ಅದನ್ನು ಓದಲಿ.

3. ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಅಪೀಲು, ಅಲ್ಲೂ ಆಗದಿದ್ದರೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠ. ಬಾಕಿಯಲ್ಲಿ ಪಾಲು ಕೇಳುವ ಏಜೆಂಟರ ಸಹವಾಸ ಬೇಡವೇ ಬೇಡ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

4. ಹೆಂಡತಿಯ ಹೆಸರು. ಪಿಪಿಒದಲ್ಲಿ ಲಕ್ಷ್ಮಿ, ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಾಸ್‌ಬುಕ್ಕಿನಲ್ಲಿ ಲಕ್ಷ್ಮಮ್ಮ ಕೆ. ನಮ್ಮ ಕಡೆ ಇದು ಮನೆಮನೆ ಕಥೆ. ಕಂಪ್ಯೂಟರಿಗೆ ಇವರು ಮೂರು ಹೆಂಗಸರು. ಮದುವೆಯ ಪಾರ್ಟ್-2 ಆರ್ಡರ್ (ಮದುವೆಯನ್ನು ಸೇವಾ ದಾಖಲೆಗೆ ಸೇರಿಸುವ ಆದೇಶ) ಆಗಿದೆಯೇ ನೋಡಿ. ಸೈನಿಕರ ಪೆನ್ಷನ್ ನೋಡಿಕೊಳ್ಳುವ ಸ್ಪರ್ಶ್ ಪೋರ್ಟಲ್ಲಿನಲ್ಲಿ ಅವರ ಹೆಸರು, ಹುಟ್ಟಿದ ದಿನ ಆಧಾರಿಗೆ ಹೊಂದಬೇಕು. ವ್ಯತ್ಯಾಸ ಇದ್ದರೆ ಅಫಿಡವಿಟ್ ಮಾಡಿಸಿ ರೆಕಾರ್ಡ್ ಆಫೀಸಿಗೆ ಕಳಿಸಿ. ನೀವಿದ್ದಾಗ ನಿಮ್ಮ ಒಂದು ಸಹಿಗೆ ಆಗುವ ಕೆಲಸಕ್ಕೆ ಆಮೇಲೆ ಅವರು ತಿಂಗಳುಗಟ್ಟಲೆ ಅಲೆಯಬೇಕು.

5. ಪೆನ್ಷನ್ ಖಾತೆ ಇಬ್ಬರ ಹೆಸರಲ್ಲೂ ಇರಲಿ.

6. ಇದನ್ನು ಮನೆಯವರಿಗೇ ಓದಿ ಹೇಳಿ. ಪಂಚಾಯಿತಿ, ನಗರಸಭೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಅದಕ್ಕೇ ಆಸ್ಪತ್ರೆಯಿಂದ ಹೊರಡುವ ಮೊದಲು ಡೆತ್ ಸಮರಿ ಕೇಳಿ ಪಡೆಯಬೇಕು, ಮೆಡಿಕಲ್ ಬೋರ್ಡ್ ಬರೆದ ಕಾಯಿಲೆಯ ಹೆಸರು ಅದರಲ್ಲೂ ಇದೆಯೇ ನೋಡಬೇಕು. ಸ್ಪರ್ಶ್‌ಗೆ ಸಾವಿನ ವಿಷಯ ಬೇಗ ತಿಳಿಸಬೇಕು. ಆಮೇಲೂ ಜಮಾ ಆದ ಪೆನ್ಷನ್ನನ್ನು ಎಟಿಎಂನಲ್ಲಿ ತೆಗೆಯಬಾರದು, ಅದನ್ನು ವಾಪಸ್ ಕಟ್ಟಿಸಿಕೊಳ್ಳುತ್ತಾರೆ.