ಮಾತುಕತೆಯ ರಾಶಿಯಲ್ಲಿ ಕಾಣೆಯಾದ ನೀರು: ನನ್ನ ಅನುಭವ

ಉಡುಪಿಯ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ 2019ರಿಂದ 2024ರವರೆಗೆ ನಡೆದ ಮಾತುಕತೆಯನ್ನು, ಸದಸ್ಯರ ಒಪ್ಪಿಗೆ ಪಡೆದು, ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಅಳಿಸಿ, ಯಾವ ವಿಷಯ ಯಾವಾಗ ಏರಿತು, ಯಾವಾಗ ಇಳಿಯಿತು ಎಂದು ಕಂಪ್ಯೂಟರ್ ಬಳಸಿ ನೋಡಲು ಕುಳಿತೆ. ಊರಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿಯ ನೀರು ತಳ ಕಂಡಿದ್ದ 2019ರ ಬೇಸಿಗೆಯಲ್ಲಿ ನಾವು ನೀರಿನ ಹೊರತು ಬೇರೇನನ್ನಾದರೂ ಮಾತನಾಡಿದ ನೆನಪು ನನಗಿಲ್ಲ. ಆದರೆ ಮೊದಲ ಫಲಿತಾಂಶದಲ್ಲಿ ‘ನೀರು’ ಎಂಬ ಪದವೇ ಇರಲಿಲ್ಲ. ಪದಗಳ ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ‘ಕರ’. ಆಸ್ತಿ ತೆರಿಗೆಯ ಚರ್ಚೆಯಿರಬೇಕೆಂದು ಒಂದು ಸಂಜೆಯಿಡೀ ನಂಬಿದ್ದೆ.

ತಪ್ಪು ಇದ್ದದ್ದು ಸಂದೇಶವನ್ನು ಪದಗಳಾಗಿ ಬಿಡಿಸುವ ಹಂತದಲ್ಲಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸೈಕಿಟ್-ಲರ್ನ್ ಎಂಬ ಉಪಕರಣ ತಾನಾಗಿ ಬಳಸುವ ನಿಯಮವು ಕನ್ನಡದ ಸ್ವರಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಚಿಹ್ನೆಗಳನ್ನು ಅಕ್ಷರವೆಂದು ಒಪ್ಪದೆ ಅಲ್ಲಲ್ಲೇ ಪದವನ್ನು ಕತ್ತರಿಸುತ್ತದೆ, ಉಳಿದ ಒಂಟಿ ಅಕ್ಷರಗಳನ್ನು ಎಸೆದುಬಿಡುತ್ತದೆ. ಹೀಗಾಗಿ ‘ನೀರು’ ಸಂಪೂರ್ಣ ಮಾಯವಾಗುತ್ತದೆ. ‘ಟ್ಯಾಂಕರ್’ ಮತ್ತು ‘ಕರೆಂಟ್’ ಎರಡರಲ್ಲೂ ಉಳಿಯುವುದು ‘ಕರ’ ಮಾತ್ರ! ಕನ್ನಡ ಯೂನಿಕೋಡ್ ಅಕ್ಷರಗಳ ಅಖಂಡ ಸಾಲನ್ನು ಒಂದು ಪದವೆಂದು ಎಣಿಸುವ ನಿಯಮ ಬರೆದ ಮೇಲೆ ನೀರು ಮರಳಿತು. ನೀರಿನ, ನೀರಿಗೆ, ನೀರನ್ನು ಎಂಬ ರೂಪಗಳನ್ನೂ, ನಮ್ಮವರು ತುಳುವಿನಲ್ಲಿ ಕೇಳುವ ‘ನೀರ್ ಬತ್ತ್ಂಡಾ’ ಎಂಬಲ್ಲಿನ ‘ನೀರ್’ ಅನ್ನೂ ಕೈಯಾರೆ ಒಂದುಗೂಡಿಸಿದೆ. ‘ನೀರಿಲ್ಲ’ ಎಂಬುದನ್ನು ಮಾತ್ರ ಬೇರೆಯಾಗಿಯೇ ಇಟ್ಟೆ.

ಮೂರು ಪದಗಳ ಸಂದೇಶದಿಂದ ವಿಷಯ ಹಿಡಿಯುವುದು ಕಷ್ಟವಾದ್ದರಿಂದ ಒಂದು ದಿನದ ಮಾತನ್ನೆಲ್ಲ ಒಂದು ದಾಖಲೆಯಾಗಿ ಕಟ್ಟಿದೆ. ಬಳಿಕ ಸಂಶೋಧಕರಾದ ಬ್ಲೈ, ಎನ್‌ಜಿ ಮತ್ತು ಜೋರ್ಡನ್ 2003ರಲ್ಲಿ ಪ್ರಕಟಿಸಿದ, ಒಟ್ಟಿಗೆ ಬರುವ ಪದಗಳನ್ನು ನೋಡಿ ವಿಷಯಗಳನ್ನು ಗುರುತಿಸುವ ಎಲ್‌ಡಿಎ ವಿಧಾನವನ್ನು ಇಡೀ ರಾಶಿಗೆ ಒಮ್ಮೆಲೇ ಅನ್ವಯಿಸಿ, ಪ್ರತಿ ತಿಂಗಳ ಮಾತಿನಲ್ಲಿ ಒಂದೊಂದು ವಿಷಯದ ಪಾಲೆಷ್ಟು ಎಂದು ಲೆಕ್ಕ ಹಾಕಿದೆ. ಈ ಪಾಲು ಎಂಬುದು ಮೋಸಗಾರ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಕೃಷ್ಣ ಮಠದ ಪರ್ಯಾಯ ಉತ್ಸವ ಬಂದಾಗ ಗುಂಪಿನಲ್ಲಿ ಸಂದೇಶಗಳ ಹೊಳೆಯೇ ಹರಿಯುವುದರಿಂದ, 2022 ಮತ್ತು 2024ರ ಜನವರಿಯಲ್ಲಿ ಉಳಿದೆಲ್ಲ ವಿಷಯಗಳೂ ಕುಸಿದಂತೆ ಕಂಡವು. ಎಣಿಸಿ ನೋಡಿದರೆ ಅವುಗಳ ಸಂದೇಶಗಳು ಹೆಚ್ಚುಕಡಿಮೆ ಅಷ್ಟೇ ಇದ್ದವು. ಅಂದಿನಿಂದ ಪಾಲು ಮತ್ತು ಎಣಿಕೆ ಎರಡನ್ನೂ ಅಕ್ಕಪಕ್ಕ ಇಡುತ್ತೇನೆ.

ಇನ್ನೊಂದು ಗೊಂದಲ ಬಿಡಿಸಲು ಹೆಚ್ಚು ಸಮಯ ಹಿಡಿಯಿತು. ಆರಂಭದ ವರ್ಷಗಳಲ್ಲಿ ‘ನೀರು ಬಂತಾ’ ಎನ್ನುತ್ತಿದ್ದವರು ಕ್ರಮೇಣ ‘ಟ್ಯಾಂಕರ್ ಎಷ್ಟಕ್ಕೆ’ ಎನ್ನತೊಡಗಿದ್ದರು. ಎಲ್‌ಡಿಎ ಇವನ್ನು ಎರಡು ವಿಷಯಗಳೆಂದು ಬಗೆದು, ಒಂದು ಇಳಿಯಿತು, ಇನ್ನೊಂದು ಹುಟ್ಟಿತು ಎಂದು ತೋರಿಸಿತು. ಬ್ಲೈ ಮತ್ತು ಲ್ಯಾಫರ್ಟಿ 2006ರಲ್ಲಿ ರೂಪಿಸಿದ ಡೈನಾಮಿಕ್ ಟಾಪಿಕ್ ಮಾಡೆಲ್ ಒಂದೇ ವಿಷಯದ ಪದಗಳು ಕಾಲಕ್ಕೆ ತಕ್ಕಂತೆ ಬದಲಾಗಲು ಅವಕಾಶ ಕೊಡುತ್ತದೆ. ವರ್ಷಕ್ಕೊಂದು ತುಂಡಿನಂತೆ ಅದನ್ನು ಓಡಿಸಿದಾಗ ಎರಡೂ ಒಂದೇ ಎಳೆಯಾಗಿ ಸೇರಿದವು.

ಆ ಎಳೆಯೂ 2023ರ ಬೇಸಿಗೆಯಲ್ಲಿ ಥಟ್ಟನೆ ತಗ್ಗಿತ್ತು. ಯಾವ ವಿಧಾನವೂ ಕಾರಣ ಹೇಳಲಿಲ್ಲ. ಆ ತಿಂಗಳುಗಳ ಸಂದೇಶಗಳನ್ನು ಒಂದೊಂದಾಗಿ ಓದಿದಾಗ ಏಪ್ರಿಲ್ ಕೊನೆಯಲ್ಲಿ ಒಬ್ಬರು ಬರೆದದ್ದು ಸಿಕ್ಕಿತು: ಟ್ಯಾಂಕರ್ ಹಂಚಿಕೆಗೆ ಬೇರೆ ಗುಂಪು ಮಾಡಿದ್ದೇವೆ, ನೀರಿನ ಮಾತೆಲ್ಲ ಇನ್ನು ಅಲ್ಲಿಯೇ.