ಕ್ರಂಚಸ್ ಬಿಟ್ಮೇಲೇ ನನ್ನ ಹೊಟ್ಟೆ ಒಳಗೆ ಹೋಗಿದ್ದು

ಎರಡನೇ ಹೆರಿಗೆ ಆಗಿ ಎರಡು ವರ್ಷ ಆಗಿದ್ರೂ "ಮತ್ತೆ ವಿಶೇಷನಾ?" ಅಂತ ಕೇಳೋರು ಕೇಳ್ತಾನೇ ಇದ್ರು. ಕ್ರಂಚಸ್ (ಮಲಗಿ ತಲೆ, ಭುಜ ಎತ್ತೋ ಹೊಟ್ಟೆ ವ್ಯಾಯಾಮ) ಪೂರ್ತಿ ಬಿಟ್ಟು ಹೊಟ್ಟೆ ಇಳಿಸ್ತೀನಿ ಅಂದಾಗ ಜಿಮ್ ಟ್ರೇನರ್ ಮುಖದ ಮೇಲೇ ನಕ್ಕ, ನಾದಿನಿ "ಮಕ್ಕಳಾದ್ಮೇಲೆ ಅದೆಲ್ಲ ಹೋಗಲ್ಲ ಬಿಡು" ಅಂದ್ಲು, ಗಂಡ "ನೋಡೋಣ" ಅಂದ್ರು, ಆ ನೋಡೋಣ ಯಾವ ಥರದ್ದು ಅಂತ ಮದುವೆ ಆದೋರಿಗೆ ಹೇಳ್ಬೇಕಾಗಿಲ್ಲ. ಹನ್ನೊಂದು ತಿಂಗಳು ಹಿಡೀತು. ಹೊಕ್ಕುಳ ಮಟ್ಟದಲ್ಲಿ 35 ಇಂಚು ಇದ್ದಿದ್ದು ಈಗ 31, ತೂಕ 68ರಿಂದ 60 ಚಿಲ್ಲರೆ. ನನ್ನ ಎತ್ತರ 158 ಸೆಂಟಿಮೀಟರ್ (62 ಇಂಚು), ಅಂದ್ರೆ ಸೊಂಟ ಎತ್ತರದ ಅರ್ಧಕ್ಕೆ ಬಂತು, ನನ್ನ ಗುರಿನೂ ಅಷ್ಟೇ ಇದ್ದಿದ್ದು.

ಮೊದಲು ಸುಟ್ಟ ದುಡ್ಡಿನ ಲೆಕ್ಕ ಹೇಳ್ಬಿಡ್ತೀನಿ. ಸೊಂಟಕ್ಕೆ ಬಿಗಿಯೋ ಬೆಲ್ಟ್ ಎರಡು ತಗೊಂಡೆ (ಮೊದಲನೇದು ಸಾಲ್ದು ಅಂತ ಇನ್ನೊಂದು ಬಿಗಿ ಇರೋದು!), ಬೆವರು ಸುರೀತಿತ್ತು, ಬಿಚ್ಚಿ ಒಂದು ಗಂಟೆಗೆ ಹೊಟ್ಟೆ ಮೊದಲಿನ ಹಾಗೇ. ಫ್ಯಾಟ್ ಬರ್ನರ್ ಮಾತ್ರೆ ಒಂದು ಡಬ್ಬಿ, ಕೈ ನಡುಗ್ತಿತ್ತು ನಿದ್ದೆ ಬರ್ತಿರ್ಲಿಲ್ಲ. ಡಿಟಾಕ್ಸ್ ಪುಡಿ, ಅದರ ಕಥೆ ಬಾತ್‌ರೂಮಿಗೇ ಬಿಡೋಣ. ಕ್ರಂಚ್ ಮಾಡೋ ಮಷೀನು ಈಗ ಒಗೆದ ಬಟ್ಟೆ ನೇತಾಕೋಕೆ ಬಹಳ ಚೆನ್ನಾಗಿದೆ. ಜಿಮ್ಮಿಗೆ ವರ್ಷದ ಫೀಸು ಕಟ್ಟಿ ಮೂರು ತಿಂಗಳು ಹೋದೆ. ಎಲ್ಲಾ ಸೇರಿಸಿದ್ರೆ ಒಂದು ಒಳ್ಳೇ ಫೋನ್ ಬರ್ತಿತ್ತು. ಕೊನೆಗೆ ಕೆಲಸಕ್ಕೆ ಬಂದಿದ್ದಕ್ಕೆ ಆದ ಖರ್ಚು ಅಂದ್ರೆ ಫಿಸಿಯೋಥೆರಪಿಸ್ಟ್ ಹತ್ರ ನಾಲ್ಕು ಸೆಷನ್, ಸೆಕೆಂಡ್ ಹ್ಯಾಂಡ್ ಬಾರ್ಬೆಲ್ ಸೆಟ್ ಒಂದು, ಅಷ್ಟೇ.

ಆ ಮೂರು ತಿಂಗಳಲ್ಲಿ ದಿನಾ ಇನ್ನೂರು ಕ್ರಂಚಸ್ ಮಾಡ್ದೆ. ಹೊಟ್ಟೆ ಇಳಿಯೋದಿರ್ಲಿ ಇನ್ನೂ ಮುಂದಕ್ಕೆ ಬಂದ ಹಾಗೆ ಕಾಣ್ತಿತ್ತು. ಒಂದಿನ ಮಲಗಿ ತಲೆ ಎತ್ತಿದಾಗ ಕೆಳಗೆ ನೋಡ್ತೀನಿ, ಹೊಟ್ಟೆ ಮಧ್ಯದಲ್ಲಿ ಹೊಕ್ಕುಳ ಮೇಲಿಂದ ಉದ್ದಕ್ಕೆ ಟೆಂಟ್ ಥರ ಚೂಪಾಗಿ ಏಳ್ತಿದೆ. ಬೆರಳಿಟ್ಟು ನೋಡಿದ್ರೆ ಮೂರು ಬೆರಳು ಆರಾಮಾಗಿ ಒಳಗಿಳೀತು. ಡಯಾಸ್ಟಾಸಿಸ್! ಹೊಟ್ಟೆಯ ಎಡ ಬಲ ಸ್ನಾಯುಗಳನ್ನ ನಡುವೆ ಜೋಡಿಸೋ ಪಟ್ಟಿ, ಲೀನಿಯಾ ಆಲ್ಬಾ, ಬಸುರಿನಲ್ಲಿ ಹಿಗ್ಗಿದ್ದು ವಾಪಸ್ ಬಿಗಿಯಾಗೇ ಇರ್ಲಿಲ್ಲ, ನಾನು ಅದರ ಮೇಲೇ ದಿನಾ ಇನ್ನೂರು ಸಲ ಒತ್ತಡ ಹಾಕ್ತಿದ್ದೆ. ಹಾರಿದ್ರೆ ಮೂತ್ರ ಲೀಕ್ ಆಗ್ತಿದ್ದಿದ್ದೂ ಇದರ ಜೊತೆಗಾರನೇ ಅಂತ ಫಿಸಿಯೋ ಹೇಳಿದ್ಮೇಲೆ ಗೊತ್ತಾಗಿದ್ದು, ಅಲ್ಲೀವರೆಗೂ ಯಾರ ಹತ್ರನೂ ಬಾಯಿ ಬಿಟ್ಟಿರ್ಲಿಲ್ಲ ನಾನು.

ಮೊದಲ ಆರೇಳು ವಾರ ನೋಡೋರಿಗೆ ನಾನು ನೆಲದ ಮೇಲೆ ಸುಮ್ನೆ ಬಿದ್ಕೊಂಡಿದ್ದೀನಿ ಅನ್ನೋ ಹಾಗಿತ್ತು. ಹೀಲ್ ಸ್ಲೈಡ್ (ಮಲಗಿ ಹಿಮ್ಮಡಿ ಜಾರಿಸೋದು), ಡೆಡ್ ಬಗ್ (ಅಂಗಾತ ಮಲಗಿ ಒಂದು ಕೈ, ಎದುರು ಕಡೆ ಕಾಲು ಒಟ್ಟಿಗೆ ಇಳಿಸೋದು), ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ಮಲಗಿ ಮೈ ಎತ್ತಿ ಹಿಡಿಯೋದು) ಮಂಡಿ ಊರಿ. ಅಸಲಿ ಆಟ ಉಸಿರಲ್ಲಿದೆ. ಉಸಿರು ಪೂರ್ತಿ, ಅಂದ್ರೆ ಇನ್ನೇನೂ ಇಲ್ಲ ಅನ್ನೋವರೆಗೂ ಬಿಟ್ರೆ ಪಕ್ಕೆಲುಬು ಕೆಳಗಿಳಿದು, ಹೊಟ್ಟೆ ಸುತ್ತ ಬೆಲ್ಟ್ ಥರ ಇರೋ ಒಳಗಿನ ಟ್ರಾನ್ಸ್‌ವರ್ಸ್ ಸ್ನಾಯು ತಾನಾಗೇ ಹಿಡಿಯತ್ತೆ, ಹೊಟ್ಟೆ ಒಳಗೆ ಎಳ್ಕೊಳೋ ಅವಶ್ಯಕತೆನೇ ಇಲ್ಲ. ನಂಗೆ ಇದು ಬರ್ತಾನೇ ಇರ್ಲಿಲ್ಲ, ಮಗನ ಬರ್ತ್‌ಡೇಲಿ ಉಳಿದಿದ್ದ ಬಲೂನ್ ಊದ್ಕೊಂಡು ಡೆಡ್ ಬಗ್ ಮಾಡ್ದೆ, ಆಗ ಹತ್ತೇ ಸಲಕ್ಕೆ ಪಕ್ಕೆ ಎಲ್ಲಾ ಉರಿ. ಬಲೂನನ್ನ ಹೇಗೆ ಹಿಡ್ಕೋಬೇಕು, ಎರಡು ಊದಿನ ನಡುವೆ ನಾಲಿಗೆ ಎಲ್ಲಿರ್ಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ರನೇ ಇರ್ಲಿ, ಅದನ್ನ ಕಂಡ್ಕೊಳೋಕೆ ನಂಗೆ ಒಂದು ಪ್ಯಾಕೆಟ್ ಬಲೂನ್ ಖರ್ಚಾಗಿದೆ. ಒಂದು ಮಾತ್ರ ಹೇಳ್ತೀನಿ, ಟೆಂಟ್ ಎದ್ದ ಕ್ಷಣ ಆ ಸೆಟ್ ಅಲ್ಲಿಗೇ ನಿಲ್ಲಿಸ್ಬೇಕು.

ಆಮೇಲೆ ಭಾರ ಎತ್ತೋಕೆ ಶುರು ಮಾಡ್ದೆ. ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರ ಎತ್ತಿ ನಿಲ್ಲೋದು), ಗಾಬ್ಲೆಟ್ ಸ್ಕ್ವಾಟ್ (ಎದೆ ಹತ್ರ ಭಾರ ಹಿಡಿದು ಬಸ್ಕಿ), ಎರಡು ಕೈಲೂ ಡಂಬೆಲ್ ಹಿಡ್ಕೊಂಡು ನಡೆಯೋದು, ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ. 20 ಕೆಜಿಯಿಂದ ಶುರುವಾಗಿದ್ದು ಎಂಟನೇ ತಿಂಗಳಿಗೆ 60 ಕೆಜಿ ಎತ್ತಿದೆ, ಟ್ರೇನರ್ ಮುಂದೆ ಎತ್ತಿ ತೋರಿಸೋಕೆ ಅಂತಾನೇ ಒಂದು ದಿನ ಆ ಜಿಮ್ಮಿಗೆ ಹೋಗಿ ಬಂದೆ, ಸುಳ್ಳೇಕೆ ಹೇಳ್ಲಿ.

ಊಟದ ವಿಷಯದಲ್ಲಿ ದೊಡ್ಡ ಪೆಟ್ಟು ತಿಂದಿದ್ದೀನಿ. ಮೊದಲು 1200 ಕ್ಯಾಲೊರಿ ಹಿಡಿದು ಐದು ವಾರ ಹಠ ಮಾಡ್ದೆ. ಮೊದಲ ವಾರ ಎರಡು ಕೆಜಿ ಹೋಯ್ತು ಅಂತ ಕುಣಿದಾಡ್ದೆ. ಅದರಲ್ಲಿ ಜಾಸ್ತಿ ನೀರು, ಗ್ಲೈಕೊಜನ್ (ಮೈ ಕೂಡಿಟ್ಕೊಳೋ ಸಕ್ಕರೆ) ಒಂದು ಗ್ರಾಂ ಹೋದ್ರೆ ಅದರ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗತ್ತೆ. ಆಮೇಲೆ ಕೂದಲು ಉದುರೋಕೆ ಶುರು, ಪೀರಿಯಡ್ಸ್ ಹದಿನೈದು ದಿನ ಮುಂದಕ್ಕೆ ಹೋಯ್ತು, ಮಕ್ಕಳ ಮೇಲೆ ಸಿಡುಕು ಬೇರೆ. ಬಿಟ್ಟೆ. ಎರಡನೇ ಸಲ ದಿನಕ್ಕೆ ಮೈಗೆ ಬೇಕಾಗಿದ್ದಕ್ಕಿಂತ 300 ಕ್ಯಾಲೊರಿ ಮಾತ್ರ ಕಮ್ಮಿ, ಪ್ರೋಟೀನ್ ತೂಕದ ಕೆಜಿಗೆ 1.6 ಗ್ರಾಂ ಲೆಕ್ಕದಲ್ಲಿ ನೂರರ ಆಸುಪಾಸು. ಒಂದು ಕೆಜಿ ಕೊಬ್ಬಿಗೆ 7700 ಕ್ಯಾಲೊರಿ ಅಂತ ಕೂಡಿಸಿದ್ರೆ ನಂದು ಹನ್ನೆರಡು ಕೆಜಿ ಹೋಗ್ಬೇಕಿತ್ತು, ಹೋಗಿದ್ದು ಏಳೂವರೆ. ಉಳಿದಿದ್ದು ಶನಿವಾರ ಭಾನುವಾರಗಳ ಕೆಲಸ.

ಮಧ್ಯೆ ಮಧ್ಯೆ ಪ್ರಯೋಗಗಳೂ ಆದ್ವು. ಸಂಜೆ ಆದ್ರೆ ಹೊಟ್ಟೆ ಉಬ್ಬರಿಸಿ ಟೇಪ್‌ನಲ್ಲಿ ಒಂದೂವರೆ ಇಂಚು ಜಾಸ್ತಿ ತೋರಿಸ್ತಿತ್ತು, ಕಾರಣ ಹುಡುಕ್ತಾ ಹುಡುಕ್ತಾ ಕೊನೆಗೆ ಸಿಕ್ಕಿದ್ದು ಹಸಿವು ಮರೆಯೋಕೆ ಅಂತ ನಾನು ದಿನವಿಡೀ ಜಗೀತಿದ್ದ ಶುಗರ್‌ಲೆಸ್ ಚ್ಯೂಯಿಂಗ್ ಗಮ್! ಅದರಲ್ಲಿ ಸಿಹಿಗೆ ಹಾಕಿರೋ ಸಾರ್ಬಿಟಾಲ್ ಪೂರ್ತಿ ಜೀರ್ಣ ಆಗಲ್ಲ, ಕರುಳಲ್ಲಿ ಗ್ಯಾಸ್ ಮಾಡತ್ತೆ. ಬಿಟ್ಟ ನಾಲ್ಕೇ ದಿನಕ್ಕೆ ಸಂಜೆ ಹೊಟ್ಟೆ ಇಳೀತು. ಕೊಬ್ಬಿನ ಶೇಕಡಾ ತೋರಿಸೋ ತಕ್ಕಡಿ ಬೆಳಿಗ್ಗೆ 34 ಅಂದ್ರೆ ಸಂಜೆ 31 ಅಂತಿತ್ತು, ಅದನ್ನ ಮಂಚದ ಕೆಳಗೆ ತಳ್ಳಿದೆ. ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಸೊಂಟ ಮುಂದಕ್ಕೆ ಬಾಗಿಸಿ ಒಂದು ಫೋಟೋ, ನೆಟ್ಟಗೆ ನಿಂತು ಇನ್ನೊಂದು ತೆಗೆದೆ, ಎರಡು ನಿಮಿಷದ ಅಂತರ, ನೋಡಿದ್ರೆ ಎರಡು ತಿಂಗಳ ಫಲಿತಾಂಶದ ಥರ ಇತ್ತು. ಆವತ್ತಿಂದ ಬಿಫೋರ್ ಆಫ್ಟರ್ ಫೋಟೋ ನಂಬೋದು ಬಿಟ್ಟಿದ್ದೀನಿ, ನಂದೂ ಸೇರಿ.

ಅಳತೆ ವಿಷಯಕ್ಕೆ ಇನ್ನೊಂದು. ಪೀರಿಯಡ್ಸ್‌ಗೆ ಮುಂಚಿನ ವಾರ ನಂಗೆ ಒಂದೂವರೆ ಕೆಜಿ ನೀರು ಸುಮ್ನೆ ಏರತ್ತೆ, ಎರಡು ತಿಂಗಳು ಆ ವಾರದಲ್ಲೇ ಅಳೆದು "ಏನೂ ಆಗ್ತಿಲ್ಲ" ಅಂತ ಅತ್ತಿದ್ದೂ ಆಗಿದೆ. ಈಗ ಪೀರಿಯಡ್ಸ್ ಮುಗಿದ ಮೂರನೇ ದಿನ, ಬೆಳಿಗ್ಗೆ, ಉಸಿರು ಸಹಜವಾಗಿ ಬಿಟ್ಟು, ತಿಂಗಳಿಗೆ ಒಂದೇ ಸಲ.

ಸಿಕ್ಸ್ ಪ್ಯಾಕ್ ಕೇಳ್ಬೇಡಿ, ಅಷ್ಟು ಒಣಗೋಕೆ ಹೋದ್ರೆ ಮತ್ತೆ ಪೀರಿಯಡ್ಸ್ ಏರುಪೇರಾಗತ್ತೆ ಅನ್ನೋ ಭಯ ನಂಗಿದೆ. ಬೆಳಗಿನ ಬಿಸಿಲಿಗೆ ಪಕ್ಕದಲ್ಲಿ ಎರಡು ಗೆರೆ ಕಾಣತ್ತೆ, ಹೊಕ್ಕುಳ ಕೆಳಗಿನ ಸಡಿಲ ಚರ್ಮ ಹಾಗೇ ಇದೆ, ಬಿರುಕು ಮೂರರಿಂದ ಒಂದೂವರೆ ಬೆರಳಿಗೆ ಬಂದು ನಿಂತಿದೆ. ಹಾರಿದ್ರೆ ಲೀಕ್ ಇಲ್ಲ. ಹೋದ ವಾರ ನಾದಿನಿ ಫೋನ್ ಮಾಡಿ ಅದೇನೋ ಬಲೂನ್ ಅಂತಿದ್ಯಲ್ಲ ಅಂದ್ಲು, ಮೊದಲು ಮಲಗಿ ತಲೆ ಎತ್ತಿ ಎಷ್ಟು ಬೆರಳು ಇಳಿಯತ್ತೆ ನೋಡ್ಕೊಂಡು ಹೇಳು ಅಂದಿದ್ದೀನಿ, ಇನ್ನೂ ವಾಪಸ್ ಫೋನ್ ಬಂದಿಲ್ಲ.